ಓಟಗಾರನಿಗಿಂತ ಒಂದು ಹೆಜ್ಜೆ ಮುಂದೆ

ಆಟದ ಮೈದಾನದಲ್ಲಿ ಆಟೊಫೋಕಸ್ ಟ್ರ್ಯಾಕಿಂಗ್ ಮಾಡುವ ಕ್ಯಾಮೆರಾ ಸೆಕೆಂಡಿಗೆ ಹತ್ತಾರು ಸಲ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಫ್ರೇಮಿನೊಳಗೆ ಇರುವ ಇಷ್ಟು ಜನರಲ್ಲಿ ಬೇಕಾದವರು ಯಾರು? ಶಟರ್ ತೆರೆಯುವ ಗಳಿಗೆಗೆ ಅವರು ಎಷ್ಟು ದೂರದಲ್ಲಿ ಇರುತ್ತಾರೆ? ಮೊದಲನೆಯದು ಗುರುತು ಹಿಡಿಯುವ ಕೆಲಸ, ಎರಡನೆಯದು ದೂರ ಮತ್ತು ಕಾಲದ ಲೆಕ್ಕ. ಇವನ್ನು ಬಿಡಿಸುವ ಯಂತ್ರಭಾಗ ಬೇರೆ, ಗಣಿತ ಬೇರೆ, ಅವು ಕ್ಯಾಮೆರಾದೊಳಗೆ ಬಂದು ಕೂತ ಕಾಲವೂ ಬೇರೆ. ಚಿತ್ರ ಮಸುಕಾದಾಗ ‘ಫೋಕಸ್ ಹೋಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಹೋದದ್ದು ಯಾವುದು ಎಂದು ತಿಳಿಯಬೇಕಾದರೆ ಎರಡನ್ನೂ ಬಿಡಿಸಿ ನೋಡಬೇಕು.

ಕಷ್ಟವೆಲ್ಲ ಉದ್ದ ಲೆನ್ಸಿನಿಂದ ಹುಟ್ಟುತ್ತದೆ. ಲಾಸ್ ಏಂಜಲೀಸ್ ಮೆಮೋರಿಯಲ್ ಕೊಲೀಸಿಯಮ್‌ನಂಥ ದೊಡ್ಡ ಕ್ರೀಡಾಂಗಣದಲ್ಲಿ ಆಟಗಾರ ದೂರದಲ್ಲಿರುತ್ತಾನೆ. ಅವನನ್ನು ಹತ್ತಿರಕ್ಕೆ ತರಲು 400 ಎಂಎಂ ಲೆನ್ಸ್ ಬೇಕು. ಹಿಂದಿನ ಜನಜಂಗುಳಿ ಕರಗಬೇಕು, ಶಟರ್ ವೇಗವೂ ಸಿಗಬೇಕು ಎಂದರೆ ಅದರ ಬಾಯಿ ಎಫ್/2.8ರಷ್ಟು ಅಗಲವಾಗಿ ತೆರೆದಿರಬೇಕು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಇಂಥ ಲೆನ್ಸನ್ನು 20 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಮೂಡುವ ಜಾಗದ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ಹಿಂದೆ ಮುಂದೆ ಸೇರಿ ಸುಮಾರು 40 ಸೆಂಟಿಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎದುರಿಗೇ ಬರುವ ಓಟಗಾರ ಇಷ್ಟನ್ನು 1/25 ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ. ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅವನು ಅರ್ಧ ಮೀಟರ್ ಹತ್ತಿರ ಬಂದಿರುತ್ತಾನೆ. ಮೊದಲ ಚಿತ್ರದಲ್ಲಿ ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟತೆ ಇದ್ದರೂ ಫೋಕಸ್ ಅಲ್ಲೇ ನಿಂತರೆ ಎರಡನೆಯದು ಕೆಟ್ಟಿತೆಂದೇ ಲೆಕ್ಕ.

ಆಟೊಫೋಕಸ್ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಮನುಷ್ಯನೇ ಮಾಡುತ್ತಿದ್ದ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಆ ಕಾಲದ ಕೊನೆಯ ದೊಡ್ಡ ಕೂಟಗಳಲ್ಲಿ ಒಂದು. ಕ್ಯಾನನ್ ಕಂಪನಿ ಅದಕ್ಕೆಂದೇ ನ್ಯೂ ಎಫ್-1 ಕ್ಯಾಮೆರಾದ ವಿಶೇಷ ಮಾದರಿಯೊಂದನ್ನು ತಯಾರಿಸಿತು. ಬೆಳಕನ್ನು ವ್ಯೂಫೈಂಡರಿನತ್ತ ತಿರುಗಿಸುವ ಅದರ ಕನ್ನಡಿ ಮೇಲೆ ಕೆಳಗೆ ಹಾರುತ್ತಿರಲಿಲ್ಲ. ಅರೆಪಾರದರ್ಶಕವಾಗಿ, ಇದ್ದಲ್ಲೇ ಇರುತ್ತಿತ್ತು. ಹಾಗಾಗಿ ಸೆಕೆಂಡಿಗೆ 14 ಚಿತ್ರ ತೆಗೆಯಲು ಸಾಧ್ಯವಾಯಿತು. 36 ಚಿತ್ರಗಳ ರೋಲು ಎರಡೂವರೆ ಸೆಕೆಂಡಿನಲ್ಲಿ ಖಾಲಿ! ಇಷ್ಟು ವೇಗದ ಯಂತ್ರದಲ್ಲೂ ಫೋಕಸ್ ರಿಂಗನ್ನು ಬೆರಳಿನಿಂದಲೇ ತಿರುಗಿಸಬೇಕಿತ್ತು. ಓಟಗಾರ ಹತ್ತಿರ ಬಂದಂತೆ ರಿಂಗನ್ನೂ ಅದೇ ಲಯದಲ್ಲಿ ತಿರುಗಿಸುತ್ತ ಹೋಗುವುದು ವರ್ಷಗಟ್ಟಲೆ ಅಭ್ಯಾಸ ಬೇಡುವ ವಿದ್ಯೆ. ಹಾಲಿವುಡ್‌ನ ಶೂಟಿಂಗ್ ತಂಡಗಳಲ್ಲಿ ‘ಫೋಕಸ್ ಪುಲ್ಲರ್’ ಎಂಬ ಪ್ರತ್ಯೇಕ ಹುದ್ದೆಯೇ ಇರುವುದು ಇದೇ ಕಾರಣಕ್ಕೆ. ಆದರೆ ಅಲ್ಲಿ ನಟ ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ ಎಂದು ಟೇಪು ಹಿಡಿದು ಮೊದಲೇ ಅಳೆದಿಡಬಹುದು. ಕ್ರೀಡಾಂಗಣದಲ್ಲಿ ಅಂಥ ಅನುಕೂಲವಿಲ್ಲ.

ಅಳೆಯಲಾಗದಿದ್ದರೂ ಊಹಿಸಬಹುದಾದ ಜಾಗಗಳಿದ್ದವು. ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಹತ್ತು ಹರ್ಡಲ್‌ಗಳು. ಮೊದಲನೆಯದು 45 ಮೀಟರಿಗೆ, ಆಮೇಲಿನವು 35 ಮೀಟರಿಗೊಂದರಂತೆ. ಓಟಗಾರ್ತಿ ಅವನ್ನು ಹಾರಿಯೇ ಮುಂದೆ ಹೋಗಬೇಕು. ಹರ್ಡಲ್ ಮೇಲೆ ಫೋಕಸ್ ಇಟ್ಟು, ಕಾಲು ಮೇಲೆದ್ದ ಕ್ಷಣ ಬಟನ್ ಒತ್ತಿದರೆ ಸಾಕು. ಇದಕ್ಕೆ ‘ಟ್ರ್ಯಾಪ್ ಫೋಕಸ್’ ಎನ್ನುತ್ತಾರೆ. ಆ ಒಲಿಂಪಿಕ್ಸ್‌ನಲ್ಲಿ ಆಗಸ್ಟ್ 8ರಂದು ಇದೇ ಸ್ಪರ್ಧೆಯ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಓಡಿ, 1/100 ಸೆಕೆಂಡಿನಿಂದ ಕಂಚು ಕಳೆದುಕೊಂಡರು. ಅವರ ಸರಾಸರಿ ವೇಗದಲ್ಲಿ ಅದು ಏಳು ಸೆಂಟಿಮೀಟರಿನ ಅಂತರ. ಎರಡೇ ದಿನಗಳ ನಂತರ 3000 ಮೀಟರ್ ಓಟದಲ್ಲಿ ಜೋಲಾ ಬಡ್ ಜೊತೆ ಕಾಲು ತೊಡರಿ ಮೇರಿ ಡೆಕ್ಕರ್ ಟ್ರ್ಯಾಕಿನ ಒಳಬದಿಯ ಹುಲ್ಲಿನ ಮೇಲೆ ಬಿದ್ದರು. ನೋವಿನಿಂದ ಮುಖ ಹಿಂಡಿಕೊಂಡ ಅವರನ್ನು ಡೇವಿಡ್ ಬರ್ನೆಟ್ ಸೆರೆಹಿಡಿದ ಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಆ ಬೀಳುವಿಕೆಗೆ ನಿಗದಿತ ಜಾಗವಿರಲಿಲ್ಲ. ಹರ್ಡಲ್ಸ್‌ಗೆ ಒಗ್ಗುವ ಉಪಾಯ ಅಲ್ಲಿ ಒಗ್ಗುವುದಿಲ್ಲ; ಮುಂದೆ ಯಂತ್ರಕ್ಕೆ ಕಲಿಸಬೇಕಾಗಿ ಬಂದದ್ದು ಎರಡನೆಯ ಬಗೆಯ ಚಿತ್ರವನ್ನು.

ಟ್ರ್ಯಾಪ್ ಫೋಕಸನ್ನು ಅದರ ಕೊನೆಯ ಮಿತಿಗೆ ಒಯ್ದದ್ದು ಫೋಟೊ ಫಿನಿಶ್ ಕ್ಯಾಮೆರಾ. ಅದಕ್ಕೂ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೂ ನಂಟಿದೆ. ಸ್ಯಾನ್ ಡಿಯಾಗೊದ ಉತ್ತರಕ್ಕಿರುವ ಡೆಲ್ ಮಾರ್ ಕುದುರೆ ರೇಸ್ ಮೈದಾನ 1937ರಲ್ಲಿ ತೆರೆಯಿತು. ಗಾಯಕ ನಟ ಬಿಂಗ್ ಕ್ರಾಸ್ಬಿ ಅದರ ಸ್ಥಾಪಕರಲ್ಲಿ ಒಬ್ಬ. ಪ್ಯಾರಾಮೌಂಟ್ ಸ್ಟುಡಿಯೊದ ಎಂಜಿನಿಯರ್ ಲೊರೆಂಜೊ ಡೆಲ್ ರಿಚ್ಚಿಯೊ ರೂಪಿಸಿದ ಸೀಳುಗಂಡಿಯ ಕ್ಯಾಮೆರಾ ಅದೇ ವರ್ಷ ಅಲ್ಲಿ ಬಳಕೆಗೆ ಬಂತು. ಅದರಲ್ಲಿ ಸಾಮಾನ್ಯ ಶಟರ್ ಇಲ್ಲ. ಮುಕ್ತಾಯದ ಗೆರೆಯನ್ನಷ್ಟೇ ದಿಟ್ಟಿಸುವ ಸಣ್ಣ ಸೀಳಿನ ಹಿಂದೆ ಫಿಲ್ಮು ಎಡೆಬಿಡದೆ ಸರಿಯುತ್ತದೆ. ಕುದುರೆ ಗೆರೆ ದಾಟಿದಂತೆ ಅದರ ಮೂಗು, ಕತ್ತು, ಮೈ ಒಂದಾದ ಮೇಲೊಂದು ಅಚ್ಚಾಗುತ್ತವೆ. ಬೇಕಾದ ಜಾಗ ಒಂದೇ ಗೆರೆಯಾದ್ದರಿಂದ ಫೋಕಸ್ ಅಲುಗಾಡುವ ಪ್ರಮೇಯವೇ ಇಲ್ಲ. ಗೆದ್ದವರು ಯಾರು ಎಂದು ಹೇಳಲು ಇದು ಸಾಕು, ಗೆದ್ದವರ ಮುಖ ತೋರಿಸಲು ಸಾಲದು.

ಯಂತ್ರ ದೂರವನ್ನು ತಾನೇ ಅಳೆಯುವುದಕ್ಕೆ ಎರಡು ದಾರಿಗಳಿವೆ. ಒಂದು, ಕಾಂಟ್ರಾಸ್ಟ್ ವಿಧಾನ. ಚಿತ್ರ ಸರಿಯಾಗಿ ಫೋಕಸ್ ಆದಾಗ ಬೆಳಕು ನೆರಳಿನ ಅಂಚುಗಳು ಅತ್ಯಂತ ಚೂಪಾಗಿರುತ್ತವೆ; ಲೆನ್ಸನ್ನು ಸ್ವಲ್ಪ ಸರಿಸಿ ನೋಡಿ, ಹೆಚ್ಚಿತೋ ಕಡಿಮೆಯಾಯಿತೋ ಎಂದು ಪರೀಕ್ಷಿಸುತ್ತ ಹೋಗುವುದು ಇದರ ಕ್ರಮ. ನಿಂತ ವಸ್ತುವಿಗೆ ಇದು ಬಹಳ ನಿಖರ. ಆದರೆ ಸರಿಯಾದ ಬಿಂದುವನ್ನು ದಾಟಿದ ಮೇಲಷ್ಟೇ ದಾಟಿದ್ದು ತಿಳಿಯುವುದರಿಂದ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಇನ್ನೊಂದು ಫೇಸ್ ಡಿಟೆಕ್ಷನ್. ಲೆನ್ಸಿನ ಎಡಭಾಗದಿಂದ ಬಂದ ಬೆಳಕಿನಿಂದ ಒಂದು ಬಿಂಬ, ಬಲಭಾಗದಿಂದ ಬಂದದ್ದರಿಂದ ಮತ್ತೊಂದು ಬಿಂಬ ಪಡೆದು ಎರಡನ್ನೂ ತಾಳೆ ನೋಡುತ್ತಾರೆ. ಫೋಕಸ್ ಸರಿ ಇದ್ದರೆ ಅವು ಒಂದರ ಮೇಲೊಂದು ಕೂರುತ್ತವೆ. ತಪ್ಪಿದ್ದರೆ ಎಷ್ಟು ಸರಿದಿವೆ, ಯಾವ ಕಡೆಗೆ ಸರಿದಿವೆ ಎಂಬುದರಿಂದಲೇ ಲೆನ್ಸ್ ಎತ್ತ, ಎಷ್ಟು ಹೋಗಬೇಕು ಎಂದು ಒಂದೇ ಅಳತೆಯಲ್ಲಿ ಗೊತ್ತಾಗುತ್ತದೆ. ಆಟದ ಚಿತ್ರಗಳಿಗೆ ಫೇಸ್ ಡಿಟೆಕ್ಷನ್ ಅನಿವಾರ್ಯವಾದದ್ದು ಈ ದಿಕ್ಕಿನ ಅರಿವಿಗಾಗಿ.

ಇದಕ್ಕೊಂದು ಕುಂದೂ ಇದೆ. ಬಿಂಬಗಳು ಎಡಬಲಕ್ಕೆ ಸರಿಯುವುದಾದರೆ ಅವುಗಳ ಸರಿತ ಕಾಣಿಸಲು ನಿಂತ ಗೆರೆಗಳು ಬೇಕು. ಅಡ್ಡಗೆರೆ ಎಷ್ಟು ಸರಿದರೂ ಹಾಗೆಯೇ ಕಾಣುತ್ತದೆ. ಕಡಲಿನ ದಿಗಂತ, ಬೀಚ್ ವಾಲಿಬಾಲ್ ನೆಟ್ಟಿನ ಮೇಲಂಚು, ಜೆರ್ಸಿಯ ಅಡ್ಡಪಟ್ಟಿ, ಎಲ್ಲವೂ ಈ ತೊಡಕು ತರಬಲ್ಲವು. ಎರಡೂ ದಿಕ್ಕಿನಲ್ಲಿ ಅಳೆಯುವ ‘ಕ್ರಾಸ್ ಟೈಪ್’ ಬಿಂದುಗಳು ಬಂದದ್ದು ಅದಕ್ಕೇ.

ಲಾಸ್ ಏಂಜಲೀಸ್ ಒಲಿಂಪಿಕ್ಸ್ ಮುಗಿದ ಮರುವರ್ಷವೇ, 1985ರಲ್ಲಿ, ಮಿನೋಲ್ಟಾ 7000 ಮಾರುಕಟ್ಟೆಗೆ ಬಂತು. ಫೇಸ್ ಡಿಟೆಕ್ಷನ್ ಸೆನ್ಸರನ್ನೂ ಮೋಟಾರನ್ನೂ ಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ, ಕ್ಯಾಮೆರಾದ ಒಡಲಿನಲ್ಲೇ ಅಳವಡಿಸಿ ಗೆದ್ದ ಮೊದಲ ಮಾದರಿ ಅದು. ಗೆಲುವಿಗೆ ತೆತ್ತ ಬೆಲೆಯೂ ದೊಡ್ಡದೇ. ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ಅಮೆರಿಕದ ಹನಿವೆಲ್ ಕಂಪನಿ ಹೂಡಿದ ದಾವೆಯಲ್ಲಿ ಮಿನೋಲ್ಟಾ 1992ರಲ್ಲಿ 12.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಲೆನ್ಸ್ ಜೋಡಣೆಯನ್ನೇ ಕೈಬಿಟ್ಟು ಇಒಎಸ್ ಸರಣಿ ಆರಂಭಿಸಿ, ಮೋಟಾರನ್ನು ಪ್ರತಿ ಲೆನ್ಸಿನೊಳಗೇ ಇಟ್ಟಿತು. ಹಳೆಯ ಲೆನ್ಸುಗಳಿಗೆ ಹಣ ಸುರಿದಿದ್ದವರು ಆಗ ಕೆರಳಿದ್ದರು. ಆದರೆ ಕ್ಯಾಮೆರಾದ ಒಡಲಿನಿಂದ ಕಡ್ಡಿಯೊಂದನ್ನು ತಿರುಗಿಸಿ ದೊಡ್ಡ ಟೆಲಿ ಲೆನ್ಸಿನ ಭಾರವಾದ ಗಾಜನ್ನು ಸರಿಸುವುದಕ್ಕಿಂತ, ಅದಕ್ಕೆ ತಕ್ಕ ಮೋಟಾರನ್ನು ಅಲ್ಲೇ ಇಡುವುದು ಸರಿಯಾದ ತೀರ್ಮಾನವಾಗಿತ್ತು. ಮುಂದೆ ಮಿಕ್ಕ ಕಂಪನಿಗಳೂ ಆ ದಾರಿಗೇ ಬಂದವು.

ದೂರ ಅಳೆದ ಮಾತ್ರಕ್ಕೆ ಟ್ರ್ಯಾಕಿಂಗ್ ಆಗುವುದಿಲ್ಲ. ಅಳೆದದ್ದು ಈಗಿನ ದೂರ. ಚಿತ್ರ ಮೂಡುವುದು ಇನ್ನು ಸ್ವಲ್ಪ ಹೊತ್ತಿನ ಮೇಲೆ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬಟನ್ ಒತ್ತಿದ ಮೇಲೆ ಕನ್ನಡಿ ಮೇಲೇಳಬೇಕು, ಆಮೇಲೆ ಶಟರ್ ತೆರೆಯಬೇಕು. ವೃತ್ತಿಪರ ಮಾದರಿಗಳಲ್ಲೂ ಇದಕ್ಕೆ 1/25 ಸೆಕೆಂಡಿನ ಆಸುಪಾಸು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಓಟಗಾರ ಬರುವ ದೂರ 40 ಸೆಂಟಿಮೀಟರ್, ಅಂದರೆ ಡೆಪ್ತ್ ಆಫ್ ಫೀಲ್ಡ್ ಇದ್ದಷ್ಟೇ. ಮೇಲಾಗಿ ಕನ್ನಡಿ ಎದ್ದಾಗ ಫೋಕಸ್ ಸೆನ್ಸರಿಗೆ ಬೆಳಕೇ ಬೀಳುತ್ತಿರಲಿಲ್ಲ. ಎತ್ತರಕ್ಕೆ ಚಿಮ್ಮಿದ ಚೆಂಡಿನ ಕೆಳಗೆ ಓಡುವ ಫೀಲ್ಡರ್ ಚೆಂಡು ಈಗ ಎಲ್ಲಿದೆಯೋ ಅಲ್ಲಿಗೆ ಓಡದೆ ಬೀಳುವ ಜಾಗಕ್ಕೆ ಓಡುವಂತೆ, ಲೆನ್ಸೂ ಆಟಗಾರ ಬರಲಿರುವ ದೂರಕ್ಕೆ ಮೊದಲೇ ಹೋಗಿ ನಿಲ್ಲಬೇಕು. 1980ರ ದಶಕ ಮುಗಿಯುವ ಹೊತ್ತಿಗೆ ಬಂದ ‘ಪ್ರಿಡಿಕ್ಟಿವ್’ ಆಟೊಫೋಕಸ್ ಮಾಡಿದ್ದು ಇದನ್ನು. ಹಿಂದಿನ ಕೆಲವು ಅಳತೆಗಳಿಂದ ವೇಗವನ್ನು ಲೆಕ್ಕ ಹಾಕಿ, ಶಟರ್ ತೆರೆಯುವ ಕ್ಷಣಕ್ಕೆ ಇರಬೇಕಾದ ಸ್ಥಾನವನ್ನು ಊಹಿಸಿ, ಲೆನ್ಸನ್ನು ಅಲ್ಲಿಗೆ ಕಳಿಸುವುದು. ಕ್ಯಾನನ್ ಬಳಕೆದಾರರು ಇದನ್ನು ‘ಸರ್ವೊ’ ಎಂದೂ ನಿಕಾನ್, ಸೋನಿಯವರು ‘ಎಎಫ್-ಸಿ’ ಎಂದೂ ಕರೆಯುತ್ತಾರೆ.

ಊಹೆಯ ಗಣಿತ ಕಾಣುವಷ್ಟು ಸರಳವಲ್ಲ. ಒಂದೇ ವೇಗದಲ್ಲಿ ಬರುವ ಓಟಗಾರನಿಗೂ ಲೆನ್ಸ್ ಒಂದೇ ವೇಗದಲ್ಲಿ ಸರಿದರೆ ಆಗುವುದಿಲ್ಲ. 400 ಎಂಎಂನ ಸರಳ ಮಸೂರವೊಂದನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಆತ 40 ಮೀಟರಿನಿಂದ 20 ಮೀಟರಿಗೆ ಬರುವಾಗ ಮಸೂರ ಸುಮಾರು 4 ಮಿಲಿಮೀಟರ್ ಮುಂದೆ ಸರಿಯಬೇಕು. 20ರಿಂದ 10 ಮೀಟರಿಗೆ ಬರುವಾಗ 8 ಮಿಲಿಮೀಟರಿಗಿಂತ ಹೆಚ್ಚು, ಅದೂ ಅರ್ಧ ಸಮಯದಲ್ಲಿ. ನಿಜವಾದ ಟೆಲಿ ಲೆನ್ಸುಗಳಲ್ಲಿ ಒಳಗಿನ ಕೆಲವು ಗಾಜುಗಳಷ್ಟೇ ಚಲಿಸುವುದರಿಂದ ಅಂಕಿಗಳು ಬೇರೆಯಾಗುತ್ತವೆ, ಅನುಪಾತದ ಸ್ವಭಾವ ಬದಲಾಗುವುದಿಲ್ಲ. ಹತ್ತಿರವಾದಷ್ಟೂ ಓಡಬೇಕಾದ ವೇಗ ಏರುತ್ತಲೇ ಹೋಗುತ್ತದೆ. ದೂರದಲ್ಲಿ ತೆಗೆದ ಹತ್ತು ಚಿತ್ರ ಸ್ಪಷ್ಟವಾಗಿದ್ದು, ಆಟಗಾರ ಮೈಮೇಲೆ ಬರುವಂತಾದಾಗಿನ ಕೊನೆಯ ಎರಡು ಕೆಡುವುದಕ್ಕೆ ಬಹುಪಾಲು ಕಾರಣ ಇದೇ. ಹಠಾತ್ತನೆ ನಿಲ್ಲುವ, ತಿರುಗುವ ಆಟಗಳಲ್ಲಿ ಇನ್ನೊಂದು ಬಗೆಯ ತಪ್ಪಾಗುತ್ತದೆ. ಆತ ಇನ್ನೂ ಬರುತ್ತಿದ್ದಾನೆ ಎಂದುಕೊಂಡ ಕ್ಯಾಮೆರಾ ಅವನ ಮುಂದಿನ ಖಾಲಿ ಜಾಗಕ್ಕೆ ಫೋಕಸ್ ಮಾಡಿರುತ್ತದೆ.

ಇಷ್ಟೂ ದೂರದ ಲೆಕ್ಕವಾಯಿತು. ‘ಯಾರು’ ಎಂಬ ಪ್ರಶ್ನೆಯನ್ನು ಬಹುಕಾಲ ಕ್ಯಾಮೆರಾ ಎತ್ತಿಕೊಳ್ಳಲೇ ಇಲ್ಲ. ಫ್ರೇಮಿನ ಮಧ್ಯದ ಬಿಂದುವನ್ನು ಆಟಗಾರನ ಎದೆಯ ಮೇಲೆ ಹಿಡಿದಿಡುವುದು ಛಾಯಾಗ್ರಾಹಕನ ಜವಾಬ್ದಾರಿಯಾಗಿತ್ತು. ಬಿಂದು ಜಾರಿದರೆ ಹಿಂದಿನ ಗ್ಯಾಲರಿ ಸ್ಪಷ್ಟವಾಗಿ ಮೂಡುತ್ತಿತ್ತು. ಬಿಂದುಗಳ ಸಂಖ್ಯೆ ಏರಿದಾಗ, ಯಾವ ಬಿಂದು ಯಾವಾಗ ಕೆಲಸ ಮಾಡಬೇಕು ಎಂದು ನಿರ್ಧರಿಸುವ ತಲೆ ಬೇಕಾಯಿತು. 2007ರ ನಿಕಾನ್ ಡಿ3 ಕ್ಯಾಮೆರಾದಲ್ಲಿ 51 ಫೋಕಸ್ ಬಿಂದುಗಳಿದ್ದವು. ಬೆಳಕು ಅಳೆಯಲೆಂದು ಇಟ್ಟಿದ್ದ 1,005 ಪಿಕ್ಸೆಲ್‌ಗಳ ಬಣ್ಣದ ಸೆನ್ಸರನ್ನೇ ಆಟಗಾರನ ಗುರುತು ಹಿಡಿಯಲೂ ಬಳಸಿಕೊಂಡರು: ಕೆಂಪು ಜೆರ್ಸಿ ಎಡಕ್ಕೆ ಸರಿಯಿತೇ, ಎಡಗಡೆಯ ಬಿಂದುವಿಗೆ ಕೆಲಸ ವಹಿಸು. ಸಾವಿರ ಪಿಕ್ಸೆಲ್‌ನ ಚಿತ್ರದಲ್ಲಿ ಮುಖವೂ ಒಂದು ಬಣ್ಣದ ಮಚ್ಚೆ ಅಷ್ಟೇ. ತಂಡದವರೆಲ್ಲ ಒಂದೇ ಬಣ್ಣ ತೊಟ್ಟಿದ್ದರೆ ಅದರ ಗುರುತು ಕಲಸಿಹೋಗುತ್ತಿತ್ತು. 2012ರ ಇಒಎಸ್-1ಡಿ ಎಕ್ಸ್‌ನಲ್ಲಿ ಈ ಸೆನ್ಸರ್ ಒಂದು ಲಕ್ಷ ಪಿಕ್ಸೆಲ್‌ಗೆ ಏರಿತು. 2020ರ ಮೂರನೆಯ ಆವೃತ್ತಿಯಲ್ಲಿ ನಾಲ್ಕು ಲಕ್ಷಕ್ಕೆ. ಅದರ ಜೊತೆಗೆ, ಲೆಕ್ಕವಿಲ್ಲದಷ್ಟು ಚಿತ್ರಗಳಿಂದ ಕಲಿತು ತಲೆಯನ್ನು ಗುರುತಿಸುವ ಡೀಪ್ ಲರ್ನಿಂಗ್ ಕ್ರಮವೂ ಬಂತು.

ಅಷ್ಟರಲ್ಲಿ ಕನ್ನಡಿಯೇ ಇಲ್ಲದ ಕ್ಯಾಮೆರಾಗಳೂ ಬಂದಿದ್ದವು. ಕ್ಯಾನನ್ 2013ರಲ್ಲಿ 70ಡಿ ಮಾದರಿಯೊಂದಿಗೆ ತಂದ ‘ಡ್ಯುಯಲ್ ಪಿಕ್ಸೆಲ್’ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್ ಎಡಬಲವಾಗಿ ಎರಡು ಭಾಗ. ಚಿತ್ರ ಮೂಡಿಸುವ ಸೆನ್ಸರೇ ಫೇಸ್ ಡಿಟೆಕ್ಷನ್ ಕೂಡ ಮಾಡತೊಡಗಿತು. 2017ರ ಸೋನಿ ಎ9 ಈ ದಾರಿಯನ್ನು ಕ್ರೀಡೆಗೆ ತಂದಿತು. 693 ಬಿಂದುಗಳು, ಸೆಕೆಂಡಿಗೆ 60 ಸಲ ಫೋಕಸ್ ಲೆಕ್ಕ, 20 ಚಿತ್ರ. ನೋಟವನ್ನು ಕ್ಷಣಕಾಲ ಕಪ್ಪಾಗಿಸುವ ಕನ್ನಡಿಯ ಅಡ್ಡಿ ಇಲ್ಲ. ಚಿತ್ರಗಳ ನಡುವೆಯೂ ಅಳೆಯುವ ಅವಕಾಶ ಸಿಕ್ಕಿದ್ದರಿಂದ ದೂರದ ಊಹೆ ಹಗುರವಾಯಿತು, ಕಡೆಗಣಿಸುವಷ್ಟಲ್ಲ. ಪೂರ್ತಿ ಚಿತ್ರವನ್ನೇ ಸತತವಾಗಿ ನೋಡುವ ಪ್ರೊಸೆಸರ್ ಕಣ್ಣು, ಮುಖ, ತಲೆ, ಮುಂಡ, ಕೈಕಾಲುಗಳ ಕೀಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಗುರುತು ಹಿಡಿಯುತ್ತದೆ. ಕಣ್ಣು ಸಿಗದಿದ್ದರೆ ತಲೆ, ತಲೆ ಮರೆಯಾದರೆ ಮೈಯ ನಿಲುವು.

ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ನಡುವಿನ 200 ಕಿಲೋಮೀಟರ್ ಕರಾವಳಿ ಈ ತಂತ್ರದ ಗುಣದೋಷಗಳನ್ನು ಒರೆಗೆ ಹಚ್ಚಲು ಹೇಳಿ ಮಾಡಿಸಿದಂತಿದೆ. ಆಟ ಬದಲಾದಂತೆ ತೊಡಕೂ ಬದಲಾಗುತ್ತದೆ. ಡಾಜರ್ ಸ್ಟೇಡಿಯಂ (1962) ಅಥವಾ ಸ್ಯಾನ್ ಡಿಯಾಗೊದ ಪೆಟ್ಕೊ ಪಾರ್ಕ್‌ನಲ್ಲಿ (2004) ಬೇಸ್‌ಬಾಲ್ ಪಿಚರ್ ಎಸೆದ ಚೆಂಡು 18.44 ಮೀಟರ್ ಆಚೆಯ ಹೋಮ್ ಪ್ಲೇಟ್ ಮುಟ್ಟಲು ಹಿಡಿಯುವುದು 0.4 ಸೆಕೆಂಡ್. ಆ ಚೆಂಡನ್ನು ಫೋಕಸಿನಲ್ಲಿ ಹಿಂಬಾಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಬ್ಯಾಟರ್ ನಿಂತ ಜಾಗ ಗೊತ್ತೇ ಇದೆ. ಅಲ್ಲಿ ಬೇಕಿರುವುದು ಹಳೆಯ ಟ್ರ್ಯಾಪ್ ಫೋಕಸ್ ಮತ್ತು ಶಟರಿನ ಸಮಯಜ್ಞಾನ. ನಿಜವಾದ ಟ್ರ್ಯಾಕಿಂಗ್ ಬೇಕಾಗುವುದು ರನ್ನರ್ ಬೇಸ್‌ನತ್ತ ಜಾರುವಾಗ, ಔಟ್‌ಫೀಲ್ಡರ್ ಗೋಡೆಗೆ ಮೈಯೊಡ್ಡಿ ಹಾರುವಾಗ. ಕ್ಯಾಚರ್ ಮುಖವಾಡ ತೊಟ್ಟಿರುತ್ತಾನೆ, ಅಂಪೈರ್ ಅವನ ಬೆನ್ನಿಗೇ ಇರುತ್ತಾನೆ. ಮುಖ ಹುಡುಕುವ ಕ್ಯಾಮೆರಾ ಕೆಲವೊಮ್ಮೆ ಇವರನ್ನೆಲ್ಲ ಬಿಟ್ಟು ಹಿಂದಿನ ಸೀಟಿನಲ್ಲಿ ಹಾಟ್ ಡಾಗ್ ತಿನ್ನುತ್ತ ಕೂತವನನ್ನು ಆರಿಸಿಕೊಳ್ಳುವುದುಂಟು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ದೂರ ಕಡಿಮೆ, ಗುಂಪು ಹೆಚ್ಚು. ಲೇಕರ್ಸ್ ತಂಡ ಆಡುವ ಕ್ರಿಪ್ಟೊ ಡಾಟ್ ಕಾಮ್ ಅರೀನಾದಲ್ಲಾಗಲಿ, 2024ರಲ್ಲಿ ಇಂಗಲ್‌ವುಡ್‌ನಲ್ಲಿ ತೆರೆದ ಇನ್‌ಟ್ಯೂಟ್ ಡೋಮ್‌ನಲ್ಲಾಗಲಿ ಬೇಸ್‌ಲೈನ್ ಬಳಿ ಕೂತವರ ಮುಂದೆ ಹತ್ತು ಜನ ಒಬ್ಬರ ಅಡ್ಡ ಒಬ್ಬರು ಹಾಯುತ್ತಾರೆ. ಬೇಕಾದ ಆಟಗಾರ ಅರೆಗಳಿಗೆ ಮರೆಯಾದಾಗ ಮುಂದೆ ಬಂದವನಿಗೆ ಫೋಕಸ್ ಹಾರಬೇಕೇ, ಕಾಯಬೇಕೇ? ‘ಟ್ರ್ಯಾಕಿಂಗ್ ಸೆನ್ಸಿಟಿವಿಟಿ’, ‘ಲಾಕ್-ಆನ್’ ಮುಂತಾದ ಹೆಸರಿನ ಸೆಟ್ಟಿಂಗ್‌ಗಳು ನಿಯಂತ್ರಿಸುವುದು ಈ ಕಾಯುವ ತಾಳ್ಮೆಯನ್ನೇ. ಮೊದಲೇ ನೋಂದಾಯಿಸಿದ ಮುಖಕ್ಕೆ ಆದ್ಯತೆ ಕೊಡುವ ಕ್ಯಾಮೆರಾಗಳು ಬಂದಿವೆ. 2024ರ ಕ್ಯಾನನ್ ಆರ್1 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೆಂಡನ್ನೂ ಮೈಭಂಗಿಯನ್ನೂ ನೋಡಿ ಆಟದ ನಡುಬಿಂದು ಯಾರೆಂದು ತಾನೇ ನಿರ್ಣಯಿಸುತ್ತದೆ. ಬಂದಾಗ ಅದು ಅರಿತಿದ್ದದ್ದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಮೂರನ್ನೇ. ಬೇಸ್‌ಬಾಲ್ ಆ ಪಟ್ಟಿಯಲ್ಲಿರಲಿಲ್ಲ, ಕ್ರಿಕೆಟ್ಟೂ ಇರಲಿಲ್ಲ.

ಸರ್ಫಿಂಗ್‌ನಲ್ಲಿ ಎಲ್ಲ ತಿರುವುಮುರುವು. ಸ್ಯಾನ್ ಡಿಯಾಗೊ ಕೌಂಟಿಯ ಉತ್ತರ ತುದಿಯಲ್ಲಿ ಸ್ಯಾನ್ ಒನೊಫ್ರೆ ಕಡಲತೀರದ ಲೋವರ್ ಟ್ರೆಸಲ್ಸ್‌ನಲ್ಲಿ 2021ರಿಂದ 2024ರವರೆಗೆ ವಿಶ್ವ ಸರ್ಫ್ ಲೀಗ್‌ನ ಫೈನಲ್ ನಡೆಯಿತು. 2028ರ ಒಲಿಂಪಿಕ್ಸ್ ಸರ್ಫಿಂಗ್‌ಗೂ ಅದೇ ಜಾಗ ಗೊತ್ತಾಗಿದೆ. ದಡದಿಂದ 100 ಮೀಟರ್ ಆಚೆಯ ಸವಾರನಿಗೆ 600 ಎಂಎಂ, ಎಫ್/4 ಲೆನ್ಸ್ ಹಿಡಿದರೂ ಡೆಪ್ತ್ ಆಫ್ ಫೀಲ್ಡ್ ಆರು ಮೀಟರಿಗೂ ಹೆಚ್ಚು. ದೂರದ ಲೆಕ್ಕ ಇಲ್ಲಿ ಸಡಿಲ, ಗುರುತಿನ ಕೆಲಸವೇ ಬಿಗಿ. ಬಿಸಿಲಿಗೆ ಹೊಳೆಯುವ ನೊರೆ ಮನುಷ್ಯನಿಗಿಂತ ಚೂಪಾದ ಅಂಚುಗಳನ್ನು ಒದಗಿಸಿ ಫೋಕಸನ್ನು ಸೆಳೆಯುತ್ತದೆ. ಸವಾರ ಅಲೆಯ ಹಿಂದೆ ಪೂರ್ತಿ ಮುಳುಗಿ ಮತ್ತೆ ಏಳುತ್ತಾನೆ. ಹೀಗಾಗಿ ಇಲ್ಲಿ ತಾಳ್ಮೆಯ ಸೆಟ್ಟಿಂಗ್ ಆದಷ್ಟು ಹೆಚ್ಚಿರಬೇಕು. ದಕ್ಷಿಣ ಕನ್ನಡದ ಕಂಬಳದ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ, ಒಂದು ವ್ಯತ್ಯಾಸದೊಂದಿಗೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತ ಕ್ಯಾಮೆರಾಕ್ಕೆ ಕೋಣಗಳು ನೇರ ಎದುರು ಬರುವುದರಿಂದ ದೂರದ ಲೆಕ್ಕವೂ ಬಿಗಿಯಾಗಿರುತ್ತದೆ. 2020ರಲ್ಲಿ ಐಕಳದ ಕರೆಯಲ್ಲಿ, ಅಂದರೆ ಕಂಬಳದ ಓಟದ ಗದ್ದೆಯಲ್ಲಿ, ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು, ಅದೂ ಕೆಸರುನೀರಿನ ಪರದೆಯ ಹಿಂದೆ. ನಾಯಿ, ಬೆಕ್ಕು, ಹಕ್ಕಿ, ಕುದುರೆಗಳ ಕಣ್ಣು ಹುಡುಕುವುದನ್ನು ಕಲಿತ ಕ್ಯಾಮೆರಾ ತಯಾರಕರಿಗೆ ಕೋಣದ ಕಡೆ ಗಮನ ಹರಿದಂತಿಲ್ಲ.

ಕ್ರಿಕೆಟ್ 128 ವರ್ಷಗಳ ನಂತರ ಒಲಿಂಪಿಕ್ಸ್‌ಗೆ ಮರಳುವುದು 2028ರ ಲಾಸ್ ಏಂಜಲೀಸ್‌ನಲ್ಲಿ; ಟಿ20 ಪಂದ್ಯಗಳಿಗೆ ನಗರದ ಪೂರ್ವಕ್ಕಿರುವ ಪೊಮೋನದ ಫೇರ್‌ಗ್ರೌಂಡ್ಸ್ ಗೊತ್ತುಮಾಡಲಾಗಿದೆ. ಸ್ಯಾನ್ ಫರ್ನಾಂಡೊ ಕಣಿವೆಯ ವುಡ್ಲಿ ಪಾರ್ಕ್‌ನಲ್ಲಂತೂ ವಾರಾಂತ್ಯದ ಕ್ರಿಕೆಟ್ ಹಳೆಯ ಸಂಗತಿ. ಬೌಂಡರಿಯಿಂದ ತೆಗೆಯುವ ಕ್ರಿಕೆಟ್ ಚಿತ್ರದಲ್ಲಿ ಬ್ಯಾಟರ್ 65–70 ಮೀಟರ್ ದೂರ, ಹೆಲ್ಮೆಟ್ಟಿನ ಜಾಲರಿಯ ಹಿಂದೆ ಮುಖ. ಕಣ್ಣು ಹುಡುಕುವುದನ್ನು ನೆಚ್ಚಿದರೆ ಫೋಕಸ್ ಜಾಲರಿಗೂ ಮುಖಕ್ಕೂ ನಡುವೆ ಅಲೆದಾಡಬಹುದು, ಅಷ್ಟು ದೂರದಲ್ಲಿ ಅದರಿಂದ ಹಾನಿಯಿಲ್ಲ. ಹಾನಿ ಆಗುವುದು ಬೌಲರ್ ಓಡಿ ಬರುವಾಗ ನಾನ್‌ಸ್ಟ್ರೈಕರ್ ಅಥವಾ ಅಂಪೈರ್ ಅಡ್ಡ ಬಂದಾಗ. ಅಂಥಲ್ಲಿ ಫ್ರೇಮಿಡೀ ಹುಡುಕಲು ಬಿಡದೆ ಸಣ್ಣ ವಲಯವೊಂದನ್ನು ಗೊತ್ತುಮಾಡಿ, ಗುರುತಿನ ಕೆಲಸವನ್ನು ಆ ವಲಯದೊಳಕ್ಕೆ ಕಟ್ಟಿಹಾಕುವುದು ಅನುಭವಿಗಳ ಕ್ರಮ. ಫೋಕಸನ್ನು ಶಟರ್ ಬಟನ್ನಿನಿಂದ ಬಿಡಿಸಿ ಹೆಬ್ಬೆರಳಿನ ‘ಎಎಫ್-ಆನ್’ ಬಟನ್ನಿಗೆ ಕೊಡುವುದೂ ಇದೇ ಉದ್ದೇಶಕ್ಕೆ. ಅಡ್ಡ ಬಂದವನು ದಾಟುವವರೆಗೆ ಹೆಬ್ಬೆರಳು ಎತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ.

ಕೆಟ್ಟ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಾರಣ ಬಹುಮಟ್ಟಿಗೆ ಅಲ್ಲೇ ಬರೆದಿರುತ್ತದೆ. ಪಕ್ಕದ ಆಟಗಾರನೋ ಗ್ಯಾಲರಿಯೋ ಚೂಪಾಗಿದ್ದರೆ ಗುರುತು ತಪ್ಪಿದೆ. ವಲಯ ಕಿರಿದಾಗಿಸಬೇಕು ಅಥವಾ ತಾಳ್ಮೆ ಹೆಚ್ಚಿಸಬೇಕು. ಬೇಕಾದವನ ಸುತ್ತಮುತ್ತಲೇ, ಅವನಿಗಿಂತ ಗೇಣು ಮುಂದಿನ ಅಥವಾ ಹಿಂದಿನ ಹುಲ್ಲು ಚೂಪಾಗಿದ್ದರೆ ದೂರದ ಊಹೆ ತಪ್ಪಿದೆ. ವೇಗ ಬದಲಾವಣೆಗೆ ಬೇಗ ಸ್ಪಂದಿಸುವ ಸೆಟ್ಟಿಂಗ್ ಬೇಕು, ಇಲ್ಲವೇ ಲೆನ್ಸಿನ ಮೋಟಾರ್ ಸಾಲದು. ಎದೆ ಸ್ಪಷ್ಟವಿದ್ದು ಕೈಕಾಲು ಮಾತ್ರ ಗೀಚಿದಂತಿದ್ದರೆ ಅದು ಫೋಕಸಿನ ತಪ್ಪೇ ಅಲ್ಲ, ಶಟರ್ ನಿಧಾನವಾಗಿದೆ. 1/1000 ಸೆಕೆಂಡಿಗಿಂತ ಮೇಲೆ ಹೋದರೆ ಹೆಚ್ಚಿನ ಆಟಗಳಲ್ಲಿ ಸರಿಹೋಗುತ್ತದೆ. ಎಲ್ಲಿಯೂ ಯಾವುದೂ ಚೂಪಾಗಿಲ್ಲದೆ ಗೆರೆಗಳು ನೀರಿನಲ್ಲಿ ಕಂಡಂತೆ ಅಲುಗಿದ್ದರೆ ತಪ್ಪು ಗಾಳಿಯದು. ದಕ್ಷಿಣ ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಕಾದ ಟ್ರ್ಯಾಕಿನ ಮೇಲೆ ಏಳುವ ಬಿಸಿಗಾಳಿ ಬೆಳಕನ್ನೇ ಬಾಗಿಸುವುದರಿಂದ, ಫೇಸ್ ಡಿಟೆಕ್ಷನ್ ತಾಳೆ ನೋಡುವ ಎರಡು ಬಿಂಬಗಳೂ ಕಂಪಿಸುತ್ತವೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಆಟಗಾರನ ಹತ್ತಿರ ಹೋಗಬೇಕು, ಇಲ್ಲವೇ ಸಂಜೆಯ ಪಂದ್ಯಕ್ಕೆ ಬರಬೇಕು.